ಹನ್ನೊಂದು ನಿಮಿಷದ ಅನುಭವ ಪತ್ರ ಕೋರಿ

ಖಾಸಿಂ ಅಲಿ ಸರ್ ಅವರಿಗೆ,
ದೈಹಿಕ ಶಿಕ್ಷಣ ನಿರ್ದೇಶಕರು ಹಾಗೂ ಮಹಿಳಾ ಫುಟ್‌ಬಾಲ್ ತಂಡದ ಏಕಸದಸ್ಯ ಆಯ್ಕೆ ಸಮಿತಿ,
ನಮ್ಮ ಮಹಾವಿದ್ಯಾಲಯ, ಬೀದರ.

(ಪ್ರತಿ: ಕಾಲೇಜಿನ ನೋಟಿಸ್ ಬೋರ್ಡಿಗೆ. ತಮ್ಮ ನೋಟಿಸಿನ ಪಕ್ಕದಲ್ಲೇ, ಅದೇ ಅಳತೆಯ ಕಾಗದದಲ್ಲಿ.)

ಮಾನ್ಯರೇ,

ತಮಗೂ, ತಮ್ಮ ಕೊರಳಲ್ಲಿ ಹಗಲೆಲ್ಲ ತೂಗುವ ಸೀಟಿಗೂ, ಮೇ ತಿಂಗಳ ಬಿಸಿಲಿನಲ್ಲೂ ತಾವು ಬಿಚ್ಚದ ಆ ನೀಲಿ ಟ್ರ್ಯಾಕ್ ಸೂಟಿಗೂ, ಕ್ರೀಡಾ ಕೊಠಡಿಯಲ್ಲಿ ಬೀಗ ಹಾಕಿ ತಾವು ಕಾಪಾಡಿಕೊಂಡು ಬಂದಿರುವ ಮೂರು ಚೆಂಡುಗಳಿಗೂ, ಅವುಗಳಲ್ಲಿ ಗಾಳಿ ಇರುವ ಒಂದಕ್ಕೆ ವಿಶೇಷವಾಗಿಯೂ, ನನ್ನ ವಂದನೆಗಳು ಸಲ್ಲಲಿ. ಮಳೆ ಬಂದಾಗ ಮೈದಾನದ ಕೆಂಪು ಮಣ್ಣು ಯಾರ ಕಾಲನ್ನೂ ಬಿಡದೆ ಹಿಡಿದುಕೊಳ್ಳುತ್ತದೆ, ಆದರೆ ತಮ್ಮ ಬಿಳಿ ಬೂಟನ್ನು ಮಾತ್ರ ಮುಟ್ಟಿದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಇಂಥವರ ಕೈಕೆಳಗೆ ನಾಲ್ಕು ತಿಂಗಳು ಕಳೆದದ್ದು ನನ್ನ ಭಾಗ್ಯವೆಂದು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅದನ್ನು ಹೇಳಲು ಸಂದರ್ಭ ಸಿಗುವುದು ಅನುಮಾನ.

ನಾನು ಆಮ್ರಪಾಲಿ, ಬಿ.ಎ. ಎರಡನೆಯ ವರ್ಷ. ಊರು ಔರಾದ ತಾಲೂಕಿನ ಠಾಣಾ ಕುಶನೂರ. ಸದ್ಯ ಮೈಲೂರಿನಲ್ಲಿ ಕಾಕಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದೇನೆ. ಹೆಸರಿನಿಂದ ತಮಗೆ ಗುರುತು ಹತ್ತಲಿಕ್ಕಿಲ್ಲ, ಏಕೆಂದರೆ ಈ ನಾಲ್ಕು ತಿಂಗಳಲ್ಲಿ ತಾವು ನನ್ನನ್ನು ಆ ಹೆಸರಿನಿಂದ ಒಮ್ಮೆಯೂ ಕರೆದಿಲ್ಲ. ‘ಏ ಎಕ್ಸ್‌ಟ್ರಾ’ ಎಂದರೆ ಕೂಡಲೇ ನೆನಪಾಗಬಹುದು.

ಕಳೆದ ಸೋಮವಾರ ತಾವು ಹಚ್ಚಿದ ನೋಟಿಸನ್ನು ಭಕ್ತಿಯಿಂದ ಓದಿದೆ. ‘ಬರುವ ವರ್ಷದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಆಟದ ಅನುಭವ ಇದ್ದವರು ಮಾತ್ರ ಹೆಸರು ಕೊಡತಕ್ಕದ್ದು’ ಎಂದು ಬರೆದು, ‘ಮಾತ್ರ’ದ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಒಂದು ಗೆರೆ ಎಲ್ಲರಿಗಾಗಿ, ಎರಡನೆಯದು ನನಗಾಗಿ ಎಂಬುದು ಕ್ಯಾಂಟೀನಿನ ತನಕ ಎಲ್ಲರಿಗೂ ತಿಳಿದುಹೋಗಿದೆ. ಒಬ್ಬಳಿಗಾಗಿಯೇ ಒಂದು ಗೆರೆ ಎಳೆಯುವಷ್ಟು ಗಮನ ಕೊಟ್ಟದ್ದಕ್ಕೆ ಕೃತಜ್ಞಳು. ಆದರೂ ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಅವಗಾಹನೆಗೆ ತರದೆ ಇದ್ದರೆ ನನಗೆ ಊಟ ಸೇರುವುದಿಲ್ಲ.

ಜುಲೈ ತಿಂಗಳಲ್ಲಿ ಇದೇ ಬೋರ್ಡಿನ ಮೇಲೆ, ಇದೇ ಅಕ್ಷರಗಳಲ್ಲಿ, ‘ಅನುಭವ ಬೇಕಿಲ್ಲ, ಉತ್ಸಾಹವಿದ್ದರೆ ಸಾಕು’ ಎಂದು ಬರೆದವರೂ ತಾವೇ. ಆ ಸಾಲು ನನ್ನ ಮೇಲೆ ಏನು ಮಾಡಿತು ಎಂಬುದು ತಮಗೆ ತಿಳಿಯಬೇಕಾದರೆ ನನ್ನ ಅಣ್ಣ ರಾಜರತ್ನನ ವಿಷಯ ಹೇಳಬೇಕು. ಅವನು ಐ.ಟಿ.ಐ. ಮುಗಿಸಿ ಎರಡು ವರ್ಷದಿಂದ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಗೇಟಿನಿಂದ ಗೇಟಿಗೆ ತಿರುಗುತ್ತಿದ್ದಾನೆ. ಪ್ರತಿ ಗೇಟಿಗೂ ಒಂದು ಹಲಗೆ, ಪ್ರತಿ ಹಲಗೆಯ ಮೇಲೂ ‘ಅನುಭವ ಕಡ್ಡಾಯ’. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು, ನೀರಿಗೆ ಇಳಿಯದೆ ಈಜು ಹೇಗೆ ಬರಬೇಕು ಎಂದು ಅವನು ಒಬ್ಬ ಕಾವಲುಗಾರನನ್ನು ಕೇಳಿದನಂತೆ. ಅದನ್ನೂ ಅನುಭವ ಇದ್ದವರನ್ನೇ ಕೇಳಬೇಕು ಎಂದು ಆತ ಹೇಳಿದನಂತೆ. ಇಂಥ ಮನೆಯಿಂದ ಬಂದವಳು ‘ಅನುಭವ ಬೇಕಿಲ್ಲ’ ಎಂಬುದನ್ನು ಓದಿದಾಗ ಮೂರು ಸಲ ಓದಿದೆ, ಕಾಗದದ ಹಿಂಬದಿಯಲ್ಲಿ ಏನಾದರೂ ಷರತ್ತು ಬರೆದಿದೆಯೋ ಎಂದು ಮೂಲೆ ಎತ್ತಿಯೂ ನೋಡಿದೆ. ಜಗತ್ತಿನಲ್ಲಿ ಒಂದು ಬಾಗಿಲಾದರೂ ಬರಿಗೈಯಲ್ಲಿ ಬಂದವರಿಗೆ ತೆರೆದಿದೆ ಎಂದು ಅಂದು ನಿಜವಾಗಿ ಸಂತೋಷಪಟ್ಟೆ. ಫುಟ್‌ಬಾಲಿನ ಮೇಲಿನ ಪ್ರೀತಿಯಿಂದ ಬಂದೆನೆಂದು ಸುಳ್ಳು ಹೇಳಲಾರೆ. ಅಲ್ಲಿಯವರೆಗೆ ಫುಟ್‌ಬಾಲನ್ನು ನಾನು ಅಂಗಡಿಯ ಬಲೆಯಲ್ಲಿ ನೇತಾಡುವಾಗ ಮಾತ್ರ ನೋಡಿದ್ದೆ.

ಅರ್ಜಿಯಲ್ಲಿ ‘ಹಿಂದಿನ ಅನುಭವ, ಇದ್ದಲ್ಲಿ’ ಎಂಬ ಖಾನೆ ಇತ್ತು. ಬೇಡವೆಂದ ಮೇಲೂ ಕೇಳುವುದು ದೊಡ್ಡವರ ಸೌಜನ್ಯವೆಂದು ತಿಳಿದು, ಇದ್ದದ್ದನ್ನು ಇದ್ದ ಹಾಗೆ ಬರೆದೆ: ಶನಿವಾರ ಮಧ್ಯಾಹ್ನ ಬೀದರ ನಿಲ್ದಾಣದ ನೂಕುನುಗ್ಗಲಿನಲ್ಲಿ ಠಾಣಾ ಕುಶನೂರಿನ ಬಸ್ಸು ಹತ್ತಿದ ಅನುಭವ ಒಂದು ವರ್ಷ, ತೊಗರಿ ಹೊಲದಿಂದ ಕಾಡುಹಂದಿ ಓಡಿಸಿದ್ದು ಬಾಲ್ಯದಿಂದ. ತಾವು ಸೀಟಿಯನ್ನು ಬಾಯಿಂದ ತೆಗೆದು, ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ಹಂದಿ ಯಾವ ಪೊಸಿಷನ್ನಿನಲ್ಲಿ ಆಡುತ್ತಿತ್ತು ಎಂದು ಕೇಳಿದಿರಿ. ಎಲ್ಲರೂ ನಕ್ಕರು. ಫಾರ್ವರ್ಡ್ ಎಂದು ಹೇಳಬೇಕಿತ್ತು. ಹೊಳೆದದ್ದು ಮನೆಗೆ ಹೋಗಿ ಕೈಕಾಲು ತೊಳೆಯುವಾಗ. ತಡವಾಗಿಯಾದರೂ ಈ ಮೂಲಕ ಆ ಉತ್ತರ ಸಲ್ಲಿಸುತ್ತಿದ್ದೇನೆ, ದಾಖಲಿಸಿಕೊಳ್ಳಬೇಕು.

ಇನ್ನು ನನ್ನ ಮೇಲಿರುವ ಮುಖ್ಯ ಆರೋಪಕ್ಕೆ ಬರುತ್ತೇನೆ.

ನನ್ನನ್ನು ಬೆಳೆಸಿದವಳು ಅಜ್ಜಿ ಸುಭದ್ರಾಬಾಯಿ. ಯಾರಿಗಾದರೂ ಕಾಲು ತಾಗಿದರೆ ಬಗ್ಗಿ ಅವರನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಮುಂದಕ್ಕೆ ಹೋಗಬೇಕು ಎಂಬುದು ಅವಳ ಕಟ್ಟಪ್ಪಣೆ. ಪುಸ್ತಕಕ್ಕೆ ತಾಗಿದರೂ ಅಷ್ಟೇ, ಕಾಳಿಗೆ ತಾಗಿದರೂ ಅಷ್ಟೇ, ಕಸಬರಿಗೆಗೂ ವಿನಾಯಿತಿ ಇಲ್ಲ. ಇದು ನಮ್ಮ ಮನೆಯದೊಂದೇ ರೂಢಿಯೂ ಅಲ್ಲ. ಬೀದರ, ಭಾಲ್ಕಿ, ಔರಾದ ಮೂರರಲ್ಲಿ ಯಾವ ಬಸ್ಸಿನಲ್ಲಿ ಯಾರ ಕಾಲು ತುಳಿದು ನೋಡಿದರೂ ತಮಗೇ ತಿಳಿಯುತ್ತದೆ. ಆದರೆ ಬೇರೆಯವರು ರೂಢಿಯಿಂದ ಮಾಡುವುದನ್ನು ನಮ್ಮ ಅಜ್ಜಿ ಕಾರಣ ಹೇಳಿ ಮಾಡಿಸಿದಳು. ಚಿಕ್ಕಂದಿನಲ್ಲಿ ಒಮ್ಮೆ ಪಕ್ಕದ ಮನೆಯ ಮಗುವಿಗೆ ಕಾಲು ತಾಗಿಸಿ ಹಾಗೇ ಓಡಿದಾಗ ನನ್ನ ರಟ್ಟೆ ಹಿಡಿದು ನಿಲ್ಲಿಸಿ, “ನಮ್ಮ ಹಿರ್ಯಾರ್ನ ಭಾಳ ಮಂದಿ ಒದ್ದು ಹೋಗ್ಯಾರ. ಒಬ್ಬರೂ ಹೊಳ್ಳಿ ನೋಡಿಲ್ಲ. ನೀ ಹಂಗ ಹೋಗಬ್ಯಾಡ” ಎಂದಿದ್ದಳು. ಆಗ ನನಗೆ ಆರು ವರ್ಷ. ಅಂದಿನಿಂದ ಹೋಗಿಲ್ಲ.

ಇಂಥ ತರಬೇತಿ ಪಡೆದವಳ ಮುಂದೆ ತಾವು ಚೆಂಡು ಇಟ್ಟು ಒದಿ ಎಂದಿರಿ. ಒದೆಯುವ ಮೊದಲೇ ಒಮ್ಮೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆಟದ ಮೇಲೆ ಈ ಹುಡುಗಿಗೆ ಎಂಥ ನಿಷ್ಠೆ ನೋಡಿರಿ ಎಂದು ತಾವು ಉಳಿದ ಹನ್ನೊಂದು ಜನರಿಗೆ ಹೊಗಳಿ ಹೇಳಿದಿರಿ. ಒದ್ದ ಮೇಲೆ ಚೆಂಡಿನ ಹಿಂದೆ ಓಡಿಹೋಗಿ ಇನ್ನೊಮ್ಮೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಾಗ ಹೊಗಳಿಕೆ ನಿಂತಿತು. ಆಮೇಲೆ ಎರಡು ಗುಂಪು ಮಾಡಿ ಆಡಿಸಿದಾಗ, ನಮ್ಮ ನಾಯಕಿ ಆಯೆಶಾಳ ಮೊಣಕಾಲಿನ ಕೆಳಗೆ ನನ್ನ ಬೂಟು ಬಡಿಯಿತು. ನಾನು ಬಗ್ಗಿದೆ. ಆಯೆಶಾ ತಮ್ಮಂದಿರೊಂದಿಗೆ ಚಿಕ್ಕಂದಿನಿಂದ ಆಡಿ ಬೆಳೆದವಳು, ಹುಲಿಯಂಥ ಆಟಗಾರ್ತಿ; ಆದರೂ ಎದುರಿನವರು ಬಗ್ಗಿದಾಗ ಇರಲಿ ಬಿಡು ಎಂದು ತಾನೂ ಬಗ್ಗುವುದು ಅವರ ಮನೆಯಲ್ಲಿಯೂ ಕಲಿಸಿದ್ದೇ. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು. ಆ ಮಧ್ಯಾಹ್ನ ನಮ್ಮಿಬ್ಬರ ಹಣೆಯ ಮೇಲೂ ಒಂದೇ ಅಳತೆಯ ಗುಬುಟು ಎದ್ದಿತ್ತು. ಮುಟ್ಟಲು ಹೋದಾಗ ನಡುವೆ ಚೆಂಡಿಗೂ ಕೈ ತಾಗಿದ್ದರಿಂದ ತಾವು ಏಳು ಸಲ ಹ್ಯಾಂಡ್‌ಬಾಲ್ ಎಂದು ಸೀಟಿ ಊದಿದಿರಿ. ಏಳೂ ಸಲ ಸರಿಯಾಗಿಯೇ ಊದಿದಿರಿ, ಅದರಲ್ಲಿ ನನ್ನ ತಕರಾರಿಲ್ಲ.

ಆಯೆಶಾ ಅನುಭವಸ್ಥಳಾದ್ದರಿಂದ ಅಂದೇ ಒಂದು ಉಪಾಯ ಕಂಡುಕೊಂಡಳು. ಆಟದ ನಡುವೆ ಬಗ್ಗುವುದಿಲ್ಲ. ಯಾರಿಗೆಲ್ಲ ಕಾಲು ತಾಗಿತೆಂದು ನೆನಪಿಟ್ಟುಕೊಂಡು, ಆಟ ಮುಗಿದ ಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ ಮುಟ್ಟಿ ಬರುತ್ತಾಳೆ. ನನಗೂ ಹಾಗೇ ಮಾಡೆಂದಳು. ಪ್ರಯತ್ನ ಮಾಡಿದೆ, ಆದರೆ ನನ್ನ ಸೊಂಟ ನನ್ನ ಮಾತು ಕೇಳುವ ಮೊದಲೇ ಅಜ್ಜಿಯ ಮಾತು ಕೇಳಿಬಿಡುತ್ತದೆ.

ಬಂದವರು ಹನ್ನೆರಡು ಜನ, ಬೇಕಾದವರು ಹನ್ನೊಂದು. ತಾವು ಹನ್ನೊಂದು ಹೆಸರು ಬರೆದು, ಗೆರೆ ಎಳೆದು, ಗೆರೆಯ ಕೆಳಗೆ ನನ್ನ ಹೆಸರು ಬರೆದಿರಿ. ನಾನು ಅಂದು ಸಂಜೆ ಅಜ್ಜಿಗೆ ಫೋನು ಮಾಡಿ ಪಟ್ಟಿಯಲ್ಲಿ ನನ್ನ ಹೆಸರು ಇದೆ ಎಂದಷ್ಟೇ ಹೇಳಿದೆ. ಗೆರೆಯ ವಿಷಯ ಹೇಳಲಿಲ್ಲ. ತಪ್ಪು ನನ್ನದೇ. ಆದರೆ ಅಜ್ಜಿ ಮರುದಿನ ಊರಿಗೆಲ್ಲ ಹೇಳಿ, ಭಾಲ್ಕಿಯಲ್ಲಿ ಮ್ಯಾಚ್ ಎಂದು ಗೊತ್ತಾದ ಮೇಲೆ ತಾನೇ ಬಂದು ನೋಡುತ್ತೇನೆಂದು ಹೊರಟುಬಿಟ್ಟಳು. ಅವಳು ಜೀವಮಾನದಲ್ಲಿ ಯಾವ ಆಟವನ್ನೂ ಕುಳಿತು ನೋಡಿದವಳಲ್ಲ. ಹೀಗಾಗಿ ನಾನು ತಮ್ಮ ಕೊಠಡಿಗೆ ಬಂದು, ಐದು ನಿಮಿಷ ಸಾಕು, ಮೈದಾನದ ಒಳಗೆ ನಿಂತರೆ ಸಾಕು, ಅಜ್ಜಿಯ ಮುಂದೆ ಸುಳ್ಳುಗಾರ್ತಿ ಆಗುತ್ತೇನೆ ಎಂದು ಬೇಡಿಕೊಂಡೆ. ತಾವು ಚೆಂಡಿಗೆ ಪಂಪು ಹೊಡೆಯುತ್ತಲೇ, “ಮ್ಯಾಚ್ ಅಂದ್ರ ಶಾದಿ ಅಲ್ಲವ್ವ, ಬಂದವರೆಲ್ಲಾ ಅಕ್ಷತಿ ಹಾಕ್ಲಿಕ್ಕ” ಎಂದಿರಿ. ಇಷ್ಟು ಚೆಂದದ ಮಾತನ್ನು ನನ್ನನ್ನು ಅಳಿಸಲಿಕ್ಕೆ ಖರ್ಚು ಮಾಡಿದಿರಲ್ಲ ಎಂದು ಇಂದಿಗೂ ನನಗೆ ಬೇಸರವಿದೆ.

ಭಾಲ್ಕಿಯಲ್ಲಿ ನಡೆದದ್ದು ತಮಗೆ ಗೊತ್ತೇ ಇದೆ. ಆದರೆ ತಮ್ಮ ವರದಿಯಲ್ಲಿ ಅದು ಸ್ವಲ್ಪ ಮೊಟಕಾಗಿ ಬಂದಿರುವುದರಿಂದ ನೆನಪಿಸುತ್ತೇನೆ. ಅಜ್ಜಿ ಇಬ್ಬರು ಗೆಳತಿಯರೊಂದಿಗೆ ಮ್ಯಾಚಿಗಿಂತ ಎರಡು ತಾಸು ಮೊದಲೇ ಬಂದು, ನೆರಳು ನೋಡಿ, ಗೆರೆಯ ಪಕ್ಕದಲ್ಲೇ ಚಾದರ ಹಾಸಿ ಕುಳಿತಿದ್ದಳು. ರೊಟ್ಟಿಯ ಗಂಟನ್ನು ಇರುವೆ ಹತ್ತದಿರಲೆಂದು ಸುಣ್ಣದ ಗೆರೆಯ ಮೇಲೆಯೇ ಇಟ್ಟಿದ್ದಳು. ನಾನು ಹನ್ನೆರಡನೆಯ ನಂಬರಿನ ಜೆರ್ಸಿ ತೊಟ್ಟು ನೀರಿನ ಬಾಟಲಿಗಳ ಚೀಲ ಹೊತ್ತು ಒಳಗೆ ಓಡಿದಾಗೆಲ್ಲ ಮೂವರೂ ಚಪ್ಪಾಳೆ ತಟ್ಟಿದರು. ಬಾಯಾರಿದವರಿಗೆ ನೀರು ಕೊಡುವುದೂ ಆಟದ ಒಂದು ಭಾಗ, ಅದನ್ನು ಗುಣವಂತರಿಗೇ ಕೊಡುತ್ತಾರೆ ಎಂದು ಅವರು ತಿಳಿದಿದ್ದರು. ಅರ್ಧ ಆಟ ಮುಗಿದ ಮೇಲೆ ಅಜ್ಜಿ ನನ್ನನ್ನು ಕರೆದು, ಎಲ್ಲರಿಗೂ ನೀರು ಮುಟ್ಟಿತಲ್ಲ, ಇನ್ನು ನೀನು ಯಾವಾಗ ಆಡುತ್ತೀ ಎಂದು ಕೇಳಿದಳು. ನನಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು.

ಆಟ ಒಂದಕ್ಕೊಂದು ಸಮ ಇತ್ತು. ಮುಗಿಯಲು ಹನ್ನೊಂದು ನಿಮಿಷ ಇರುವಾಗ ನಮ್ಮ ತಂಡದ ಸಪನಾ ಮೀನಖಂಡ ಸೆಟೆದುಕೊಂಡು ಕುಳಿತುಬಿಟ್ಟಳು. ತಾವು ಎಡಕ್ಕೆ ನೋಡಿದಿರಿ, ಬಲಕ್ಕೆ ನೋಡಿದಿರಿ, ಒಮ್ಮೆ ಆಕಾಶವನ್ನೂ ನೋಡಿದಿರಿ. ಎಲ್ಲಿಯೂ ಯಾರೂ ಇಲ್ಲದ್ದರಿಂದ ಕೊನೆಗೆ ನನ್ನನ್ನು ನೋಡಿದಿರಿ. “ಚೆಂಡು ಬಂದ್ರ ಬಾಜೂ ಸರಿ, ಏನೂ ಮಾಡಬ್ಯಾಡ” ಎಂದು ಹೇಳಿ ಒಳಗೆ ಕಳಿಸಿದಿರಿ. ಎಂಟು ನಿಮಿಷ ನಾನು ಏನೂ ಮಾಡಲಿಲ್ಲ. ತಮ್ಮ ಸೂಚನೆಯನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದ ಆಟಗಾರ್ತಿ ತಮ್ಮ ಇಪ್ಪತ್ತು ವರ್ಷದ ಸೇವೆಯಲ್ಲಿ ಇನ್ನೊಬ್ಬಳು ಇರಲಾರಳು.

ಒಂಬತ್ತನೆಯ ನಿಮಿಷದಲ್ಲಿ ಚೆಂಡು ತಾನಾಗಿ ನನ್ನ ಹತ್ತಿರ ಬಂತು. ಭಾಲ್ಕಿಯ ಒಂಬತ್ತನೆಯ ನಂಬರಿನ ಎತ್ತರದ ಹುಡುಗಿಯೂ ಬಂದಳು. ಸರಿಯಲು ಹೋದೆ, ಆಕೆಯೂ ಅದೇ ಕಡೆ ಸರಿದಳು, ನನ್ನ ಕಾಲು ಆಕೆಯ ಕಾಲಿಗೆ ಜೋರಾಗಿ ಬಡಿಯಿತು. ನಾನು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆ ಹುಡುಗಿ, ಅವಳೂ ಈ ನೆಲದವಳೇ, ಚೆಂಡು ಬಿಟ್ಟು ಇರಲಿ ಬಿಡಕ್ಕ ಎಂದು ತಾನೂ ಬಗ್ಗಿದಳು. ಚೆಂಡು ನಮ್ಮಿಬ್ಬರನ್ನೂ ದಾಟಿ ಆಯೆಶಾಳ ಕಾಲಿಗೆ ಹೋಯಿತು. ಆಯೆಶಾ ಯಾರನ್ನೂ ನೋಡದೆ ನುಗ್ಗಿದಳು, ಒದ್ದಳು, ಗೋಲ್‌ಕೀಪರ್ ಹುಡುಗಿಯ ಎಡಗೈಯ ಪಕ್ಕದಿಂದ ಚೆಂಡು ಒಳಗೆ ಹೋಗಿ ಬಲೆಗೆ ಬಡಿಯಿತು. ಇಡೀ ಕ್ರೀಡಾಕೂಟದಲ್ಲಿ ಅಷ್ಟು ಚೆಂದದ ಗೋಲು ಇನ್ನೊಂದಿರಲಿಲ್ಲ.

ಅದನ್ನು ನೋಡಬೇಕಾಗಿದ್ದ ರೆಫರಿ ಆ ಹೊತ್ತಿನಲ್ಲಿ ಎಲ್ಲಿದ್ದರು ಎಂಬುದನ್ನು ತಮ್ಮ ವರದಿ ಹೇಳುವುದಿಲ್ಲ. ಅವರು ಗೆರೆಯ ಗುಂಟ ಓಡುವಾಗ ಅಜ್ಜಿಯ ರೊಟ್ಟಿಗಂಟಿನ ಮೇಲೆ ಕಾಲಿಟ್ಟಿದ್ದರು. ಅನ್ನಕ್ಕೆ ಕಾಲು ತಾಗಿಸಿ ಹಾಗೇ ಓಡಿಹೋಗುವುದಾದರೂ ಹೇಗೆ? ಅವರು ನಿಂತು, ಬಗ್ಗಿ, ಗಂಟನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹಸಿದಿದ್ದರೆ ಒಂದು ತಿನ್ನಪ್ಪ ಎಂದು ಅಜ್ಜಿ ಗಂಟು ಬಿಚ್ಚುತ್ತಿದ್ದಳು. ಅವರು ಬೇಡ ಬೇಡ ಎನ್ನುತ್ತ ಈ ಕಡೆ ತಿರುಗುವಷ್ಟರಲ್ಲಿ ಚೆಂಡು ಬಲೆಯಿಂದ ಹೊರಬಂದಿತ್ತು. ನಾವು ಗೋಲು ಎಂದೆವು, ಭಾಲ್ಕಿಯವರು ಅಲ್ಲ ಎಂದರು. ತಾನು ಕಣ್ಣಾರೆ ನೋಡದ್ದನ್ನು ಕೊಡಲಾರೆ ಎಂದು ರೆಫರಿ ಹೇಳಿದರು. ಆಟ ಸಮವಾಗಿ ಮುಗಿಯಿತು, ಪೆನಾಲ್ಟಿಯಲ್ಲಿ ಸೋತೆವು. ತಾವು ವರದಿಯಲ್ಲಿ ‘ಬದಲಿ ಆಟಗಾರ್ತಿಯ ಅನುಭವದ ಕೊರತೆಯಿಂದ ಸೋಲು’ ಎಂದು ಬರೆದಿರಿ.

ಮಾನ್ಯರೇ, ಆ ಒಂದು ನಿಮಿಷದಲ್ಲಿ ಮೈದಾನದಲ್ಲಿ ಮೂವರು ಬಗ್ಗಿದ್ದರು. ಒಬ್ಬಾಕೆ ಆ ಒಂಬತ್ತನೆಯ ನಂಬರಿನ ಹುಡುಗಿ, ಭಾಲ್ಕಿಯ ತಂಡದ ನಾಯಕಿ, ಈಗ ಮುಂದಿನ ಸುತ್ತಿನಲ್ಲಿ ಆಡುತ್ತಿದ್ದಾಳೆ. ಇನ್ನೊಬ್ಬರು ರೆಫರಿ, ಅವರಿಗೆ ಅಂದು ಶಾಲು ಹೊದಿಸಲಾಯಿತು. ಮೂರನೆಯವಳಿಗೆ ಎರಡನೆಯ ಗೆರೆ. ಬಗ್ಗಿದ್ದು ಅನುಭವದ ಕೊರತೆಯಾದರೆ ಮೂವರಿಗೂ ಕೊರತೆ ಇರಬೇಕು. ಅಲ್ಲವಾದರೆ ನನಗೂ ಇರಬಾರದು.

ಅಂದು ಆಟ ಮುಗಿದ ಮೇಲೆ ನಾನು ಅಳುತ್ತ ಅಜ್ಜಿಯ ಹತ್ತಿರ ಹೋಗಿ, ಗೆರೆಯ ವಿಷಯ, ಎಕ್ಸ್‌ಟ್ರಾ ವಿಷಯ, ಎಲ್ಲ ಹೇಳಿಬಿಟ್ಟೆ. ಅವಳು ಉಳಿದ ರೊಟ್ಟಿಯನ್ನು ಆಯೆಶಾಳಿಗೂ ಒಂಬತ್ತನೆಯ ನಂಬರಿನ ಹುಡುಗಿಗೂ ಹಂಚುತ್ತ, ತನ್ನ ಗೆಳತಿಯರ ಕಡೆ ತಿರುಗಿ ಹೇಳಿದ್ದು ತಮಗೂ ಕೇಳಿಸಿರಬೇಕು, ತಾವು ಅಲ್ಲೇ ಬಾಟಲಿ ಎಣಿಸುತ್ತಿದ್ದಿರಿ: “ಎಲ್ಲಾರೂ ಒದ್ದು ಓಡ್ತಾರ. ನಮ್ಮಾಕಿ ಒಬ್ಬಾಕಿ ಒದ್ದು ನಿಂತಾಳ ನೋಡ್ರಿ.” ನನಗೆ ಅಳು ನಿಲ್ಲಲಿಲ್ಲ, ಹೆಚ್ಚಾಯಿತು. ಆದರೆ ಅದು ಬೇರೆ ಅಳು.

ಆದ್ದರಿಂದ ತಮ್ಮಲ್ಲಿ ಈ ವಿನಮ್ರ ಬೇಡಿಕೆಗಳು. ಜಗತ್ತಿನ ಫುಟ್‌ಬಾಲಿನ ನಿಯಮ ಬರೆಯುವ ದೊಡ್ಡವರಿಗೆ ತಾವು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆದು, ಬೀದರ ಜಿಲ್ಲೆಯ ಮಟ್ಟಿಗಾದರೂ ಕಾಲು ತಾಗಿದಾಗ ಐದು ಸೆಕೆಂಡಿನ ಬಿಡುವು ಮಂಜೂರು ಮಾಡಿಸಬೇಕು. ಅದು ಆಗದಿದ್ದರೆ ಎಲ್ಲ ಆಟಗಾರ್ತಿಯರ ಕಾಲುಪಟ್ಟಿಯ ಮೇಲೆ ‘ಇರ್ಲಿ ಬಿಡ್ರಿ’ ಎಂದು ಮೊದಲೇ ಬರೆಸಬೇಕು, ಓದಿಕೊಂಡು ಮುಂದೆ ಓಡುತ್ತೇವೆ. ಅದೂ ಆಗದಿದ್ದರೆ ಆಯೆಶಾಳ ಪದ್ಧತಿಯನ್ನು ನನ್ನ ಸೊಂಟಕ್ಕೆ ಕಲಿಸಲು ಇನ್ನೊಂದು ವರ್ಷ ತಂಡದಲ್ಲಿ ಇರಿಸಿಕೊಳ್ಳಬೇಕು. ನೀರಿನ ಚೀಲ ನಾನೇ ಹೊರುತ್ತೇನೆ.

ಇವೆಲ್ಲ ದೊಡ್ಡ ಮಾತಾದವು ಎನಿಸಿದರೆ ಒಂದು ಸಣ್ಣ ಕೆಲಸ ಮಾಡಿಕೊಡಿ. ಅನುಭವ ಇದ್ದವರು ಮಾತ್ರ ಬರಬೇಕೆಂದು ತಾವು ಬರೆದಿದ್ದೀರಿ. ನನಗೆ ಈಗ ಅನುಭವ ಇದೆ. ತಮ್ಮದೇ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ. ಅದಕ್ಕೊಂದು ಅನುಭವ ಪತ್ರ ದಯಪಾಲಿಸಬೇಕು. ತಮಗೆ ತೊಂದರೆ ಬೇಡವೆಂದು ಒಕ್ಕಣೆಯನ್ನು ನಾನೇ ಬರೆದಿದ್ದೇನೆ, ತಾವು ಸಹಿ ಹಾಕಿ ಮೊಹರು ಒತ್ತಿದರೆ ಸಾಕು: ‘ಕುಮಾರಿ ಆಮ್ರಪಾಲಿ ಇವರು ಭಾಲ್ಕಿಯಲ್ಲಿ ನಮ್ಮ ತಂಡದ ಪರವಾಗಿ ಹನ್ನೊಂದು ನಿಮಿಷ ಫುಟ್‌ಬಾಲ್ ಆಡಿದ್ದು, ಸದರಿ ಅವಧಿಯಲ್ಲಿ ಒಬ್ಬರನ್ನು ಒದ್ದು, ಓಡಿಹೋಗಿರುವುದಿಲ್ಲ ಎಂದು ದೃಢೀಕರಿಸಲಾಗಿದೆ.’ ಅಣ್ಣ ರಾಜರತ್ನನೂ ಅದರದೊಂದು ಜೆರಾಕ್ಸ್ ಕೇಳಿದ್ದಾನೆ. ನಮ್ಮ ಮನೆಯಲ್ಲಿ ಇದುವರೆಗೆ ಯಾರ ಹತ್ತಿರವೂ ಅನುಭವ ಪತ್ರ ಇಲ್ಲ. ಅದು ನೋಡಲಿಕ್ಕೆ ಹೇಗಿರುತ್ತದೆ ಎಂದು ಅವನಿಗೆ ಕುತೂಹಲ.

ತಮ್ಮ ಉತ್ತರವನ್ನು ಇದೇ ಬೋರ್ಡಿನ ಮೇಲೆ ಎದುರುನೋಡುತ್ತ, ಎಂದೂ ಗೆರೆಯ ಕೆಳಗಿರುವ

ತಮ್ಮ ವಿಶ್ವಾಸಿ,
ಆಮ್ರಪಾಲಿ (ಎಕ್ಸ್‌ಟ್ರಾ)
ಜೆರ್ಸಿ ನಂಬರ್ ಹನ್ನೆರಡು

ಮತ್ತೊಂದು ಮಾತು: ಸೋಮವಾರ ಆ ನೋಟಿಸನ್ನು ಹಚ್ಚಲು ತಾವು ಬೆಂಚಿನ ಮೇಲೆ ಹತ್ತಿದ್ದಿರಿ. ಇಳಿಯುವಾಗ ಗುಂಪಿನಲ್ಲಿ ನಿಂತಿದ್ದ ಯಾರದೋ ಮೊಣಕೈಗೆ ತಮ್ಮ ಬಿಳಿ ಬೂಟು ತಾಗಿತು. ಯಾರೆಂದು ನೋಡುವ ಮೊದಲೇ ತಾವು ಬಗ್ಗಿ, ಆ ಮೊಣಕೈಯನ್ನು ಮುಟ್ಟಿ, ಕೈಯನ್ನು ಎದೆಗೆ ಒತ್ತಿಕೊಂಡಿರಿ. ಆಮೇಲೆ ತಲೆ ಎತ್ತಿ, ಮೊಣಕೈ ನನ್ನದೆಂದು ಕಂಡಿರಿ. ನಾನು ಆಗಲೇ ಸೀಟಿ ಊದಬೇಕಿತ್ತು. ಆದರೆ ಸೀಟಿ ತಮ್ಮ ಕೊರಳಿನಲ್ಲಿತ್ತು, ನಾನೂ ಬಗ್ಗಿದ್ದೆ.